ಓದುಗರ ಪ್ರಶ್ನೆ: ‘ಜ್ಯೋತಿ’ ಹೆಣ್ಣಿನ ಹೆಸರೇ, ಗಂಡಿನ ಹೆಸರೇ?

ಪ್ರಶ್ನೆ: ಮೊಮ್ಮಗಳಿಗೆ ‘ಜ್ಯೋತಿ’ ಎಂದು ಹೆಸರಿಡಬೇಕೆಂದು ಮನೆಯಲ್ಲಿ ಮಾತಾಗಿದೆ. ಅಳಿಯಂದಿರ ಬಂಗಾಳಿ ಸ್ನೇಹಿತರೊಬ್ಬರು ತಮ್ಮ ಕಡೆ ಇದು ಗಂಡಸರ ಹೆಸರೆಂದರು. ನಮ್ಮ ಅತ್ತಿಗೆಯವರಂತೂ ಆರಿಹೋಗುವ ದೀಪದ ಹೆಸರು ಮಗುವಿಗೆ ಬೇಡವೆನ್ನುತ್ತಾರೆ. ಈ ಹೆಸರಿನ ಅರ್ಥವನ್ನೂ ಬಳಕೆಯನ್ನೂ ತಿಳಿಸುವಿರಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಇಬ್ಬರ ಮಾತಿನಲ್ಲಿ ಬಂಗಾಳಿ ಸ್ನೇಹಿತರದು ನಿಜ. ಸಂಸ್ಕೃತದ ‘ಜ್ಯೋತಿಸ್’ ನಪುಂಸಕಲಿಂಗದ ಶಬ್ದವಾದ್ದರಿಂದ ಹೆಸರಾಗಿ ಅದು ಯಾವ ಕಡೆಗೂ ಸಲ್ಲುತ್ತದೆ. 1977ರಿಂದ 2000ದವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು ಜ್ಯೋತಿ ಬಸು. ಮಹಾರಾಷ್ಟ್ರದ ಜ್ಯೋತಿರಾವ್ ಫುಲೆಯವರ ಹೆಸರು ಕೊಲ್ಲಾಪುರದ ಸಮೀಪದ ಜೋತಿಬಾ ದೇವರಿಂದ ಬಂದದ್ದು. ತಮಿಳುನಾಡಿನಲ್ಲಿ ಪರಂಜ್ಯೋತಿ ಗಂಡಸರ ಹೆಸರು. ಕನ್ನಡನಾಡಿನಲ್ಲಿ ಮಾತ್ರ ಬರಿಯ ‘ಜ್ಯೋತಿ’ ಎಂದರೆ ಹೆಣ್ಣುಮಗಳೆಂದೇ ಎಲ್ಲರೂ ತಿಳಿಯುತ್ತಾರೆ.

ದೀಪ ಆರಿತು ಎನ್ನದೆ ‘ಶಾಂತವಾಯಿತು’ ಎನ್ನುವ ಮನೆಗಳಲ್ಲಿ ನಿಮ್ಮ ಅತ್ತಿಗೆಯವರಿಗೆ ಇಂಥ ಅಳುಕು ಬಂದದ್ದು ಸಹಜವೇ. ಆದರೆ ಎಣ್ಣೆ ಬತ್ತಿಗಳ ಹಣತೆಗೆ ದೀಪವೆಂದು ಹೆಸರು. ಜ್ಯೋತಿಯೆಂದರೆ ಅದರಲ್ಲಿ ಬೆಳಗುವ ಬೆಳಕು, ಮತ್ತು ವೇದದಲ್ಲಿ ಈ ಶಬ್ದ ಸೂರ್ಯನಿಗೂ ಉಷಸ್ಸಿಗೂ ಸಲ್ಲುತ್ತದೆ. ಆಕಾಶದ ಬೆಳಕುಗಳ ಚಲನೆಯನ್ನು ಲೆಕ್ಕಹಾಕುವ ಶಾಸ್ತ್ರ ಜ್ಯೋತಿಷವಾದದ್ದೂ ಹೀಗೆಯೇ. ಬೃಹದಾರಣ್ಯಕ ಉಪನಿಷತ್ತಿನ ‘ತಮಸೋ ಮಾ ಜ್ಯೋತಿರ್ಗಮಯ’ ನಿಮಗೆ ಬಾಯಿಪಾಠವಿರಬಹುದು. ಹನ್ನೆರಡು ಜ್ಯೋತಿರ್ಲಿಂಗಗಳ ಹಿಂದಿರುವ ಕಥೆಯಲ್ಲಿ ಬ್ರಹ್ಮನಿಗೆ ತುದಿಯೂ ವಿಷ್ಣುವಿಗೆ ಬುಡವೂ ಸಿಗದ ಅಗ್ನಿಸ್ತಂಭವೇ ಶಿವನ ರೂಪ. ಆರುವ ಮಾತೇ ಅಲ್ಲಿಲ್ಲ.

ನಮ್ಮಲ್ಲಿ ಈ ಹೆಸರಿನ ನಂಟು ಹೆಚ್ಚು ಹತ್ತಿರವಾಗಿರುವುದು ಆಷಾಢದ ಅಮಾವಾಸ್ಯೆಗೆ, ಅಂದರೆ ಭೀಮನ ಅಮಾವಾಸ್ಯೆಗೆ. ಅಂದು ಜ್ಯೋತಿರ್ಭೀಮೇಶ್ವರ ವ್ರತ ಮಾಡುವ ಹೆಣ್ಣುಮಕ್ಕಳು ಜೋಡಿ ದೀಪಗಳನ್ನು ಶಿವ ಪಾರ್ವತಿಯರೆಂದು ಪೂಜಿಸಿ, ಒಂಬತ್ತು ಗಂಟಿನ ಅರಿಸಿನದ ದಾರವನ್ನು ಕೈಗೆ ಕಟ್ಟಿಕೊಳ್ಳುತ್ತಾರೆ. ಬಳಿಕ ಒಳಗೆ ಕಾಸು ಅಡಗಿಸಿದ ಕಡುಬನ್ನು ಹೊಸಿಲ ಮೇಲಿಟ್ಟರೆ ಅಣ್ಣತಮ್ಮಂದಿರು ಮೊಣಕೈಯಿಂದ ಗುದ್ದಿ ‘ಭಂಡಾರ’ ಒಡೆಯುತ್ತಾರೆ. ಶವವಾಗಿದ್ದ ರಾಜಕುಮಾರನನ್ನು ಮದುವೆಯಾದ ಬಡ ಹುಡುಗಿಯೊಬ್ಬಳು ಮಣ್ಣಿನ ಹಣತೆಯಿಟ್ಟು ಇದೇ ವ್ರತ ಮಾಡಿ ಗಂಡನನ್ನು ಬದುಕಿಸಿಕೊಂಡಳೆಂಬುದು ಇದರ ಕಥೆ. ನಿಮ್ಮ ಅತ್ತಿಗೆಯವರೂ ಈ ಕಥೆಯನ್ನು ಕೇಳಿರುತ್ತಾರೆ. ಅದನ್ನೇ ನೆನಪಿಸಿ ನೋಡಿ.

ಈ ಶಬ್ದ ಒಂದು ಮತಕ್ಕೆ ಕಟ್ಟುಬಿದ್ದದ್ದೂ ಅಲ್ಲ. ಬಸವಣ್ಣನವರನ್ನು ಜಗಜ್ಯೋತಿ ಎನ್ನುತ್ತೇವೆ. ಕೋರಮಂಗಲದಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮಹಿಳಾ ಕಾಲೇಜಿನ ಹೆಸರು ಜ್ಯೋತಿ ನಿವಾಸ. ಸರ್ಕಾರಕ್ಕಂತೂ ಇದು ಬಲು ಪ್ರಿಯ: ಬಡವರ ಮನೆಗೆ ವಿದ್ಯುತ್ ದೀಪ ಕೊಟ್ಟಾಗ ಭಾಗ್ಯಜ್ಯೋತಿ, 2023ರಲ್ಲಿ 200 ಯೂನಿಟ್‌ವರೆಗೆ ಬಿಲ್ ಮನ್ನಾ ಮಾಡಿದಾಗ ಗೃಹಜ್ಯೋತಿ.

ಹೆಸರನ್ನು ಇಡುವುದಾದರೆ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮವರು ‘ಟಿ’ ಅಕ್ಷರದ ಮುಂದೆ ‘ಎಚ್’ ಸೇರಿಸುತ್ತಾರೆ, ಉತ್ತರದವರು ಸೇರಿಸುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ಬರೆಸಿದ ರೀತಿಯೇ ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಇರುವಂತೆ ಮೊದಲೇ ನೋಡಿಕೊಳ್ಳಿ.