ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಫ್ಲೈ ಫಿಶಿಂಗ್ ಕಲಿಸೋಕೆ ತುಮಕೂರಿನ ಸುತ್ತ ಎಲ್ಲಿಗೆ ಹೋಗಬಹುದು?

ಮಕ್ಕಳು ಮೊಬೈಲಲ್ಲಿ ಟ್ರೌಟ್ ಹಿಡಿಯೋ ವಿಡಿಯೋ ನೋಡಿ ಹಠ ಹಿಡಿದಿದ್ದಾರೆ, ದೊಡ್ಡವಳಿಗೆ 12, ಚಿಕ್ಕವನಿಗೆ 9, ತುಮಕೂರಿನ ಹತ್ತಿರ ಟ್ರೌಟ್ ಎಲ್ಲಿ ಸಿಗುತ್ತೆ, ರಜೆ ಮುಗಿಯೋದರೊಳಗೆ ಎಲ್ಲಿಗೆ ಕರ್ಕೊಂಡು ಹೋಗಲಿ ಅಂತ ಕೇಳಿದ್ದೀರಿ.

ಟ್ರೌಟ್ ನಮ್ಮ ಜಿಲ್ಲೆಯಲ್ಲಿಲ್ಲ. ಬಯಲುಸೀಮೆಯ ಯಾವ ಕೆರೆ, ಯಾವ ಹೊಳೆಯಲ್ಲೂ ಇಲ್ಲ. ಆದರೆ ಫ್ಲೈ ಫಿಶಿಂಗ್, ಅಂದರೆ ಹುಳದ ಹಾಗೆ ಗರಿ ಕಟ್ಟಿದ ಗಾಳ ಬೀಸಿ ಮೀನು ಹಿಡಿಯೋದನ್ನ, ಕಲಿಯೋಕೆ ಟ್ರೌಟೇ ಬೇಕು ಅಂತೇನಿಲ್ಲ. ನನ್ನ ಮಗಳಿಗೂ ಅಕ್ಕನ ಮಕ್ಕಳಿಗೂ ನಾನು ಕಲಿಸಿದ್ದು ನಮ್ಮ ಕೆರೆಯ ಜಿಲೇಬಿ ಮೀನಿನ (ತಿಲಾಪಿಯಾ) ಮೇಲೆ. ಕೆರೆ ಏರಿ ಮೇಲೆ ನಿಂತು ಕೈ ಪಳಗಿದ ಮಗು ಮುಂದೆ ಟ್ರೌಟ್ ಇರೋ ಹಿಮಾಚಲದ ಹೊಳೆಗೆ ಹೋದರೂ ತಡವರಿಸಲ್ಲ. ಇಲ್ಲಿ ಕಲಿಯದೆ ಮೊದಲೇ ಅಷ್ಟು ದೂರ ಹೋದರೆ ರಜೆಯೆಲ್ಲ ದಾರ ಬಿಡಿಸೋದರಲ್ಲೇ ಕಳೆದುಹೋಗುತ್ತೆ.

ಟ್ರೌಟ್ ಯಾಕಿಲ್ಲ ಅಂತ ಮಕ್ಕಳು ಕೇಳೇ ಕೇಳ್ತಾರೆ, ಅವರಿಗೆ ಸರಿಯಾಗಿ ಹೇಳಿ. ಅದು ತಣ್ಣೀರಿನ ಮೀನು. 20 ಡಿಗ್ರಿಗಿಂತ ಕಮ್ಮಿ ಇರೋ ನೀರಲ್ಲಿ ಮಾತ್ರ ಚೆನ್ನಾಗಿರುತ್ತೆ. ನೀರು ಕಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಮ್ಮಿಯಾಗುತ್ತೆ: 10 ಡಿಗ್ರಿ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದುಕೊಂಡರೆ 30 ಡಿಗ್ರಿ ನೀರು ಏಳೂವರೆ ಮಾತ್ರ. ಏಪ್ರಿಲ್ ಮಧ್ಯಾಹ್ನ ನಮ್ಮ ಕೆರೆ ದಡದಲ್ಲಿ ಕೈ ಅದ್ದಿ ನೋಡಿ, ಬೆಚ್ಚಗಿರುತ್ತೆ. ಅಂಥ ನೀರಲ್ಲಿ ಟ್ರೌಟ್ ಉಸಿರಾಡೋಕಾಗಲ್ಲ. ದಕ್ಷಿಣದಲ್ಲಿ ಅದು ಉಳಿದಿರೋದು ನೀಲಗಿರಿ ಮತ್ತು ಮುನ್ನಾರಿನ ಎತ್ತರದ ನೀರಲ್ಲಿ, ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದು ಬಿಟ್ಟದ್ದು. ನೀಲಗಿರಿಯ ಅವಲಾಂಚಿಯಲ್ಲಿ ಇದಕ್ಕೆಂದೇ ಮರಿ ಕೇಂದ್ರ ಕಟ್ಟಿದ್ದರು. ಆ ಕಡೆಯ ನೀರೆಲ್ಲ ಹೆಚ್ಚಾಗಿ ಕಾಡಿನೊಳಗೆ, ಅನುಮತಿ ಇಲ್ಲದೆ ಗಾಳ ಹಿಡ್ಕೊಂಡು ಹೋಗೋ ಜಾಗ ಅಲ್ಲ. ಸಂಸಾರ ಸಮೇತ ಹೊರಡೋರಿಗೆ ನಾನು ಊಟಿ ಹೇಳಲ್ಲ.

ಈಗ ನಮ್ಮ ಕೆರೆಗೆ ಬರೋಣ.

ಮೊದಲನೇ ಕೆಲಸ ಕೇಳೋದು. ಕೆರೆ ಊರಿನದಾದರೂ ಅದರೊಳಗಿನ ಮೀನು ಗುತ್ತಿಗೆದಾರನದು. ದೊಡ್ಡ ಕೆರೆಗಳ ಮೀನಿನ ಹಕ್ಕನ್ನ ಮೀನುಗಾರಿಕೆ ಇಲಾಖೆ ಕೊಡುತ್ತೆ, ಸಣ್ಣವನ್ನ ಗ್ರಾಮ ಪಂಚಾಯ್ತಿ. ಗುತ್ತಿಗೆದಾರರು ದುಡ್ಡು ಕಟ್ಟಿ, ಕಾಟ್ಲಾ, ರೋಹು ಮರಿ ತಂದು ಬಿಟ್ಟು, ಕಾವಲು ಕಾಯ್ತಿರ್ತಾರೆ. ಬೆಳಗ್ಗೆ ಬಲೆ ಎಳೆಯೋ ಹೊತ್ತಿಗೆ ಹೋದರೆ ಅವರೇ ಸಿಗ್ತಾರೆ, ಅಥವಾ ಊರೊಳಗಿನ ಟೀ ಅಂಗಡಿಯಲ್ಲಿ ವಿಚಾರಿಸಿದರೆ ತೋರಿಸ್ತಾರೆ. ನಾನು ಮಕ್ಕಳನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಕೇಳ್ತೀನಿ, "ಅಣ್ಣಾ, ಮಕ್ಕಳಿಗೆ ಗಾಳ ಹಾಕೋದು ಕಲಿಸ್ತಿದೀನಿ, ಹಿಡಿದಿದ್ದನ್ನ ವಾಪಸ್ ಬಿಡ್ತೀವಿ" ಅಂತ. ಒಬ್ಬರು ತೆಪ್ಪದಿಂದ ಇಳಿಯುತ್ತಾ ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಜಿಲೇಬಿನ ಯಾಕಕ್ಕಾ ಬಿಡ್ತೀರಾ? ತಗೊಂಡೋಗಿ ಸಾರು ಮಾಡಿ. ಕಾಟ್ಲಾ ಮರಿ ಸಿಕ್ಕಿದ್ರೆ ಮಾತ್ರ ನಿಧಾನಕ್ಕೆ ನೀರಿಗೆ ಬಿಡಿ." ಅವರು ಹಾಗನ್ನೋದಕ್ಕೆ ಕಾರಣ ಇದೆ. ಜಿಲೇಬಿ ಆಫ್ರಿಕಾ ಮೂಲದ ಮೀನು, 1952ರಲ್ಲಿ ಭಾರತಕ್ಕೆ ತಂದಿದ್ದು. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ, ಹಾಗಾಗಿ ಮರಿಗಳು ಸಾಯೋದು ಕಮ್ಮಿ, ಕೆರೆ ತುಂಬಾ ಅದೇ ಆಗಿ ಬಿತ್ತಿದ ಮೀನಿನ ಮೇವು ತಿಂದುಬಿಡುತ್ತೆ. ನಿಮ್ಮ ಮಕ್ಕಳು ನಾಲ್ಕು ಜಿಲೇಬಿ ಹಿಡಿದರೆ ಗುತ್ತಿಗೆದಾರನಿಗೆ ಉಪಕಾರವೇ.

ಜಾಗದ ವಿಷಯ. ಬುಗುಡನಹಳ್ಳಿ ಕೆರೆ ತುಮಕೂರಿಗೆ ಕುಡಿಯೋ ನೀರು ಕೊಡೋದು, ಅಲ್ಲಿ ಬೇಡ. ದೇವಸ್ಥಾನದ ಕಲ್ಯಾಣಿ, ದೇವರಾಯನದುರ್ಗದ ಕಾಡಿನೊಳಗಿನ ಹಳ್ಳ ಕೂಡ ಬೇಡ. ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗೋರು ತೀತಾ ಜಲಾಶಯ ನೋಡೇ ಇರ್ತೀರಿ, ನೀರಿದ್ದ ವರ್ಷ ಒಳ್ಳೇ ಜಾಗ. ತುರುವೇಕೆರೆ ಕಡೆಯವರಾದರೆ ಮಲ್ಲಾಘಟ್ಟ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಇದೆ, ಹಿನ್ನೀರು ವಿಶಾಲವಾಗಿದೆ. ಆದರೆ ಹೆಚ್ಚಾದ ನೀರನ್ನ ಹೊರಗೆ ಬಿಡೋ ಅಲ್ಲಿನ ಸೈಫನ್ನುಗಳಿಗೆ ಗೇಟು ಎತ್ತೋ ಮನುಷ್ಯ ಬೇಕಿಲ್ಲ, ನೀರು ಮಟ್ಟ ಮುಟ್ಟಿದ ಕೂಡಲೇ ತಾವಾಗೇ ಹರಿಯೋಕೆ ಶುರುವಾಗ್ತವೆ. ಬೇಸಿಗೆಯೇ ಇರಲಿ, ಕೆಳಗಡೆ ನೀರು ಕಮ್ಮಿ ಕಂಡರೂ ಆ ಬದಿಗೆ ಮಕ್ಕಳನ್ನ ಇಳಿಸಲೇಬೇಡಿ. ನಿಜ ಹೇಳಬೇಕು ಅಂದರೆ ಕಲಿಯೋಕೆ ಇಷ್ಟು ದೊಡ್ಡ ನೀರು ಬೇಕಿಲ್ಲ. ನಿಮ್ಮ ಅಜ್ಜಿ ಊರೋ ಅತ್ತೆ ಊರೋ ಇದ್ದರೆ ಆ ಊರಿನ ಕೆರೆಯೇ ಎಲ್ಲಕ್ಕಿಂತ ಮೇಲು, ಯಾಕಂದ್ರೆ ಅದರ ಆಳ ಎಲ್ಲಿದೆ ಅಂತ ಬಲ್ಲವರು ಮನೆಯಲ್ಲೇ ಇರ್ತಾರೆ.

ಆಳದ ಮಾತು ಬಂದಿದ್ದಕ್ಕೆ ಇದನ್ನ ಒತ್ತಿ ಹೇಳ್ತೀನಿ. ನಮ್ಮ ಕೆರೆಗಳಲ್ಲಿ ಅಪಾಯ ಇರೋದು ಮಣ್ಣು ತೆಗೆದ ಗುಂಡಿಗಳಲ್ಲಿ. ಇಟ್ಟಿಗೆಗೋ ಹೊಲಕ್ಕೋ ಜೆಸಿಬಿಯಲ್ಲಿ ಮಣ್ಣು ಎತ್ತಿರ್ತಾರೆ, ಆಮೇಲೆ ನೀರು ನಿಂತರೆ ಮೇಲಿಂದ ಎಲ್ಲಾ ಒಂದೇ ಸಮ ಕಾಣುತ್ತೆ. ಮೊಣಕಾಲುದ್ದ ನೀರಲ್ಲಿ ನಿಂತ ಮಗು ಇನ್ನೊಂದು ಹೆಜ್ಜೆ ಇಟ್ಟರೆ ಎರಡಾಳು ಆಳ. ಪ್ರತಿ ಬೇಸಿಗೆ ರಜೆಯಲ್ಲೂ ಇಂಥ ಸುದ್ದಿ ಓದ್ತೀವಿ. ವಿಡಿಯೋದಲ್ಲಿ ಹೊಳೆಗೆ ಇಳಿದು ನಿಂತು ಬೀಸ್ತಾರಲ್ಲ, ಅದು ನಮ್ಮ ಕೆರೆಯಲ್ಲಿ ಪೂರ್ತಿ ನಿಷಿದ್ಧ. ಏರಿಯ ಕಲ್ಲುಕಟ್ಟಡದ ಮೇಲೋ ಗಟ್ಟಿ ದಡದ ಮೇಲೋ ನಿಲ್ಲಬೇಕು, ತೂಬಿನ ಹತ್ತಿರ ಹೋಗಬಾರದು, ಈಜು ಬಂದರೂ ಬರದಿದ್ದರೂ ಲೈಫ್ ಜಾಕೆಟ್ ಹಾಕಿಸಿ. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲಿ, ಒಬ್ಬರ ಕೈ ದಾರ ಬಿಡಿಸೋದರಲ್ಲಿದ್ದಾಗ ಇನ್ನೊಬ್ಬರ ಕಣ್ಣು ಮಕ್ಕಳ ಮೇಲಿರಬೇಕು.

ಇನ್ನು ಬೀಸೋದು. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನ ಎಳ್ಕೊಂಡು ಹೋಗುತ್ತೆ. ಇಲ್ಲಿ ತಿರುಗಾಮುರುಗಾ: ಗರಿ ಕಟ್ಟಿದ ಗಾಳಕ್ಕೆ ತೂಕವೇ ಇಲ್ಲ, ದಪ್ಪ ದಾರದ ಭಾರವೇ ಅದನ್ನ ಹೊತ್ತು ಹೋಗಬೇಕು. ಹಾಗಾಗಿ ಕೋಲನ್ನ ಹಿಂದಕ್ಕೆ ಎತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳೋ ತನಕ ತಡೆದು, ಆಮೇಲೆ ಮುಂದಕ್ಕೆ ತರಬೇಕು. ಮಕ್ಕಳು ಆ ತಡೆಯೋ ಕ್ಷಣವನ್ನೇ ಬಿಟ್ಟುಬಿಡ್ತಾರೆ, ಒದ್ದೆ ಟವೆಲ್ ಒದರಿದ ಹಾಗೆ ಛಟ್ ಅನ್ನಿಸ್ತಾರೆ. ತಿರುಗಿ ದಾರ ನೋಡೋಕೆ ಹೇಳಿ. ನೆಟ್ಟಗಾಗೋದನ್ನ ಕಣ್ಣಾರೆ ಕಂಡ ಮೇಲೆ ಕೈ ತಾನಾಗೇ ಕಾಯುತ್ತೆ. ಕೆರೆಗೆ ಹೋಗೋ ಮುಂಚೆ ಶಾಲೆ ಮೈದಾನದಲ್ಲಿ, ಗಾಳದ ಬದಲು ದಾರದ ತುದಿಗೆ ಉಲ್ಲನ್ ಚೂರು ಕಟ್ಟಿ ಅಭ್ಯಾಸ ಮಾಡಿಸಿ. ನೆಲದ ಮೇಲೆ ತಟ್ಟೆ ಇಟ್ಟು ಅದರೊಳಗೆ ಬೀಳಿಸು ಅಂದರೆ ಸಂಜೆಯೆಲ್ಲ ಆಡ್ತಾರೆ. ಮೇಲೆ ಕರೆಂಟ್ ತಂತಿ ಇಲ್ಲದ ಕಡೆ ಮಾತ್ರ. ಈ ಕೋಲುಗಳು ಹೆಚ್ಚಾಗಿ ಕಾರ್ಬನ್ನಿನವು, ಕರೆಂಟ್ ಹರಿಯುತ್ತೆ.

ದೊಡ್ಡವಳಿಗೆ ಎಂಟು ಅಡಿಯ 4 ಅಥವಾ 5ನೇ ನಂಬರಿನ (ಈ ನಂಬರು ದಾರದ ತೂಕದ್ದು) ಹಗುರ ರಾಡು ಸಾಕು. ಚಿಕ್ಕವನಿಗೆ ರೀಲೇ ಬೇಡ. ಹತ್ತಡಿಯ ಸಣ್ಣ ಬಿದಿರು ಕೋಲು, ತುದಿಗೆ ಅಷ್ಟೇ ಉದ್ದದ ದಾರ, ಕೊನೆಗೆ ಗರಿ ಗಾಳ. ಜಪಾನಿನ ಬೆಟ್ಟದ ಹೊಳೆಗಳಲ್ಲಿ ಹೀಗೇ ರೀಲಿಲ್ಲದೆ ಹಿಡೀತಾರೆ, ತೆಂಕಾರಾ ಅಂತ ಅದರ ಹೆಸರು. ದಾರ ಗಂಟಾಗಲ್ಲ, ಮಗು ಅಳಲ್ಲ. ಯಾರ ಗಾಳವೇ ಆಗಲಿ, ಅದರ ಕೊಕ್ಕೆಯ ಒಳಮುಳ್ಳನ್ನ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿ. ಮೀನಿನ ಬಾಯಿಂದಲೂ ಸುಲಭವಾಗಿ ಬರುತ್ತೆ, ಅಕಸ್ಮಾತ್ ಬೆರಳಿಗೆ ಚುಚ್ಚಿದರೂ ಬರುತ್ತೆ. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಇಲ್ಲದೆ ಯಾರೂ ಬೀಸಬಾರದು, ಪಕ್ಕದಲ್ಲಿ ನಿಂತು ನೋಡೋರೂ ಸೇರಿ.

ಗರಿ ಗಾಳ ಕಟ್ಟೋದನ್ನ ಮನೆಯಲ್ಲೇ ಕಲಿಸಿ, ಬಿಸಿಲಿನ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೇ ಕೆಲಸ ಇಲ್ಲ. 12 ಅಥವಾ 14ನೇ ನಂಬರಿನ ಗಾಳ, ಹೊಲಿಗೆ ದಾರ, ನಾಟಿ ಹುಂಜದ ಕುತ್ತಿಗೆಯ ಗರಿ. ಕುತ್ತಿಗೆ ಗರಿಯೇ ಯಾಕೆ ಅಂದರೆ ಅದರ ಎಳೆ ಗಡುಸು, ಗಾಳದ ಸುತ್ತ ಸುತ್ತಿದಾಗ ಎಲ್ಲಾ ಕಡೆಗೂ ಕಾಲು ಚಾಚಿದಂತೆ ನಿಂತು ನೀರಿನ ಮೇಲೆ ತೇಲಿಸುತ್ತೆ. ಕಾಡುಕೋಳಿ ಗರಿ ಯಾರಾದರೂ ತಂದುಕೊಟ್ಟರೂ ಮುಟ್ಟಬೇಡಿ, ಅದು ಕಾನೂನಿನ ರಕ್ಷಣೆ ಇರೋ ಹಕ್ಕಿ. ಕಪ್ಪು ದಾರ ಸುತ್ತಿದರೆ ಇರುವೆ, ಕಂದು ಗರಿ ಉದ್ದ ಬಿಟ್ಟರೆ ಮಿಡತೆ. ಭರಣಿ ಮಳೆಯ ಮೊದಲ ಹನಿ ಬಿದ್ದ ಸಂಜೆ ನೆಲದಿಂದ ಈಸಲು ಹುಳ ಏಳ್ತವಲ್ಲ, ಅವು ಕೆರೆ ಮೇಲೆ ಉದುರೋಕೆ ಶುರುವಾದರೆ ಪಕ್ಕೆ ಅನ್ನೋ ಸಣ್ಣ ಮೀನುಗಳು ನೀರು ಕುದಿಯೋ ಹಾಗೆ ಮೇಲೆ ಬರ್ತವೆ. ಆ ಹೊತ್ತಿಗೆ ತಿಳಿ ಕಂದು ಬಣ್ಣದ, ಎರಡು ರೆಕ್ಕೆ ಕಟ್ಟಿದ ಗಾಳ ಕೈಯಲ್ಲಿದ್ದರೆ ಒಂಬತ್ತು ವರ್ಷದವನಿಗೂ ಮೀನು ಖಚಿತ. ಗುಡುಗು ಕೇಳಿಸಿದರೆ ಮಾತ್ರ ಕೋಲು ಮಡಚಿ ಕಾರಿನೊಳಗೆ ಕೂತುಬಿಡಿ.

ಹೊತ್ತು ಬೆಳಗ್ಗೆ ಆರರಿಂದ ಒಂಬತ್ತು, ಇಲ್ಲಾ ಸಂಜೆ ಐದರ ಮೇಲೆ. ಒಂದು ವಿಷಯ ಗಮನಿಸಿ. ಮೋಡ ಮುಚ್ಚಿ ಗಾಳಿ ಆಡದ ರಾತ್ರಿ ಕಳೆದು ಬೆಳಗ್ಗೆ ಹೋದಾಗ ಮೀನುಗಳು ಗುಂಪುಗುಂಪಾಗಿ ಮೇಲೆ ಬಂದು ಬಾಯಿ ಬಿಡ್ತಿದ್ದರೆ ಅದು ಮೇಯೋದಲ್ಲ. ಹಸಿರುಗಟ್ಟಿದ ನೀರಲ್ಲಿ ಪಾಚಿಯೂ ರಾತ್ರಿಯೆಲ್ಲ ಆಮ್ಲಜನಕ ಬಳಸಿಬಿಟ್ಟಿರುತ್ತೆ, ಮೀನಿಗೆ ಉಸಿರು ಕಟ್ಟಿರುತ್ತೆ. ಆವತ್ತು ಗಾಳ ಹಾಕಬೇಡಿ, ಗುತ್ತಿಗೆದಾರನಿಗೆ ಸುದ್ದಿ ಮುಟ್ಟಿಸಿ. ಹಾಗೇ ದಡದ ಜೊಂಡಿನ ಹತ್ತಿರ ಕೆಂಪು ಕೆಂಪಾದ ಸಣ್ಣ ಮರಿಗಳ ಗುಂಪು ಮೇಲೆ ಕೆಳಗೆ ಆಡ್ತಿದ್ದರೆ ಅವು ಕೊರಮೀನಿನ ಮರಿಗಳು. ತಾಯಿ ತಂದೆ ಕೆಳಗೇ ಕಾವಲಿರ್ತವೆ, ಏನು ಹತ್ತಿರ ಬಂದರೂ ಮೇಲೆ ಬೀಳ್ತವೆ, ಆದ್ದರಿಂದಲೇ ಹಿಡಿಯೋದು ಬಲು ಸುಲಭ. ದಯವಿಟ್ಟು ಅಲ್ಲಿ ಬೀಸಬೇಡಿ. ದೊಡ್ಡದು ಹೋದರೆ ಅಷ್ಟೂ ಮರಿಗಳು ಬೇರೆ ಮೀನಿಗೆ ತುತ್ತು. ಮಕ್ಕಳನ್ನ ದಡದಲ್ಲಿ ಕೂರಿಸಿ ಸುಮ್ಮನೆ ತೋರಿಸಿ. ನನ್ನ ಮಗಳು ಮೊದಲು ಹಿಡಿದ ಮೀನಿಗಿಂತ ಆ ಕೆಂಪು ಗುಂಪಿನ ಬಗ್ಗೆಯೇ ಹೆಚ್ಚು ಮಾತಾಡ್ತಾಳೆ.

ಯಾರಾದರೂ ಕಾವೇರಿಯಲ್ಲಿ ಬಿಳಿಮೀನು (ಮಹಶೀರ್) ಹಿಡಿಯೋಕೆ ಭೀಮೇಶ್ವರಿಗೆ ಹೋಗಿ ಅನ್ನಬಹುದು. ಅಭಯಾರಣ್ಯದೊಳಗೆ ಆ ಆಟ ನಿಂತು ವರ್ಷಗಳಾದವು. ಕಾವೇರಿಯ ಗೂನುಬೆನ್ನಿನ ಬಿಳಿಮೀನು ಅಳಿವಿನ ಅಂಚಿಗೆ ಬಂದಿದೆ, ನಿಲ್ಲಿಸಿದ್ದೇ ಒಳ್ಳೇದಾಯ್ತು.

ಇಷ್ಟಾದ ಮೇಲೂ ಟ್ರೌಟೇ ಬೇಕು ಅಂದರೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ. ಚಂಡೀಗಡದಿಂದ ಮನಾಲಿ ದಾರಿ ಹಿಡಿದು ಔಟ್ ಹತ್ತಿರ ಬಂಜಾರ್ ಕಡೆಗೆ ತಿರುಗಬೇಕು. ಅಲ್ಲಿ ಕಂದು ಟ್ರೌಟೂ ಇದೆ, ರೇನ್‌ಬೋ ಟ್ರೌಟೂ ಇದೆ. ನವೆಂಬರಿನಿಂದ ಫೆಬ್ರವರಿ ಕೊನೆ ತನಕ ಮೊಟ್ಟೆ ಇಡೋ ಕಾಲ, ಹಿಡಿಯೋ ಹಾಗಿಲ್ಲ. ಜುಲೈ, ಆಗಸ್ಟಲ್ಲಿ ಮಳೆಗೆ ನೀರು ಕದಡಿರುತ್ತೆ. ನಮ್ಮ ಶಾಲೆಗಳ ಏಪ್ರಿಲ್, ಮೇ ರಜೆ ಸರಿಯಾಗಿ ಹೊಂದುತ್ತೆ. ಅಲ್ಲಿನ ಮೀನುಗಾರಿಕೆ ಇಲಾಖೆಯಿಂದ ಲೈಸೆನ್ಸ್ ಮಾಡಿಸಲೇಬೇಕು, ಉಳಿದುಕೊಳ್ಳೋ ಮನೆಯವರನ್ನ ಮೊದಲೇ ಕೇಳಿದರೆ ದಾರಿ ಹೇಳ್ತಾರೆ. ನೀರು ಕೊರೆಯೋ ತಣ್ಣಗೆ, ಸೆಳೆತ ಜೋರು, ಅಲ್ಲೂ ಮಕ್ಕಳು ದಡದ ಮೇಲೇ ಇರಲಿ. ಈ ವರ್ಷ ಕೆರೆಯಲ್ಲಿ ಕೈ ಪಳಗಲಿ, ಬರೋ ಏಪ್ರಿಲ್‌ಗೆ ಟಿಕೆಟ್ ಮಾಡಿಸಿ. ನೀವು ಯಾವ ತಾಲ್ಲೂಕಿನವರು ಅಂತ ಬರೆದರೆ ಹತ್ತಿರದ ಕೆರೆಗಳಲ್ಲಿ ಈಗ ನೀರಿರೋದು ಯಾವುದು ಅಂತ ವಿಚಾರಿಸಿ ಹೇಳ್ತೀನಿ.