ಹೊಸ ನ್ಯಾಸ್ ಕೈಕೊಟ್ಟರೆ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಪ್ರಶ್ನೆ: ಮನೆಯವರ ಫೋಟೊ, ತೋಟದ ಲೆಕ್ಕಪತ್ರ ಎಲ್ಲವೂ ಒಂದೇ ಕಡೆ ಇರಲೆಂದು ಎರಡು ಡಿಸ್ಕ್ ಹಿಡಿಯುವ ಹೊಸ ನ್ಯಾಸ್ ಪೆಟ್ಟಿಗೆಯನ್ನೂ (ರೌಟರಿಗೆ ಜೋಡಿಸಿ ಮನೆಯವರೆಲ್ಲ ಬಳಸುವ ಡಿಸ್ಕ್ ಪೆಟ್ಟಿಗೆ) 4 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳನ್ನೂ ಆನ್‌ಲೈನ್‌ನಲ್ಲಿ ತರಿಸಿದೆವು. ಎರಡರಲ್ಲೂ ಒಂದೇ ಮಾಹಿತಿ ಉಳಿಯುವಂತೆ ಮಿರರ್ ಮಾಡಿದ್ದೇವೆ. ಮೊದಲು ಸರಿಯಿತ್ತು. ಈಗ ದೊಡ್ಡ ಫೋಲ್ಡರ್ ಕಾಪಿ ಮಾಡುವಾಗ ಅರ್ಧಕ್ಕೇ ನಿಲ್ಲುತ್ತದೆ. ಎರಡನೇ ಡಿಸ್ಕಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ‘ಡಿಗ್ರೇಡೆಡ್’ (ಮಿರರ್ ಪೂರ್ತಿಯಾಗಿಲ್ಲ) ಎಂದು ಬರುತ್ತದೆ. ಒಮ್ಮೊಮ್ಮೆ ಪೆಟ್ಟಿಗೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ. ಮಾರಿದವರು ‘ಫಾರ್ಮ್ಯಾಟ್ ಮಾಡಿ ನೋಡಿ’ ಎನ್ನುತ್ತಿದ್ದಾರೆ. ಮಾಡಬಹುದೇ?
— ಓದುಗರು, ಪೊನ್ನಂಪೇಟೆ

ಉತ್ತರ: ಸದ್ಯಕ್ಕೆ ಬೇಡ. ಫಾರ್ಮ್ಯಾಟ್ ಮಾಡಿದರೆ ದೋಷ ಹೋಗುವುದಿಲ್ಲ. ಯಾವ ಹೊತ್ತಿಗೆ ಏನು ಕೆಟ್ಟಿತೆಂದು ಪೆಟ್ಟಿಗೆ ಬರೆದಿಟ್ಟ ಲಾಗ್ ಅಳಿಸಿಹೋಗಬಹುದು. ಮಿರರನ್ನು ಮತ್ತೆ ಕಟ್ಟುವ ‘ರಿಪೇರ್’ ಗುಂಡಿಯನ್ನೂ ಈಗಲೇ ಒತ್ತಬೇಡಿ. ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲೋ ಹೊರಗಿನ ಡಿಸ್ಕಿನಲ್ಲೋ ಇರುವ ಮೂಲ ಪ್ರತಿಯನ್ನು ತೆರೆದು ನೋಡಿ, ಫೈಲುಗಳು ನಿಜಕ್ಕೂ ಅಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ನ್ಯಾಸ್‌ಗೆ ಕಾಪಿ ಆಯಿತೆಂದು ಮೂಲವನ್ನು ಅಳಿಸುವುದೇ ಈ ವಿಷಯದಲ್ಲಿ ಜನ ಮಾಡುವ ಅತಿ ದುಬಾರಿ ತಪ್ಪು. ಅದಾದ ಮೇಲೆ ಪೆಟ್ಟಿಗೆಯ ಲಾಗನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನಿಮ್ಮ ದೂರಿನಲ್ಲಿ ಎರಡು ಲಕ್ಷಣಗಳಿವೆ: ಡಿಸ್ಕ್ ಕಳಚಿಕೊಳ್ಳುವುದು ಮತ್ತು ರೀಸ್ಟಾರ್ಟ್ ಆಗುವುದು. ಎರಡನ್ನೂ ಒಟ್ಟಿಗೆ ತರಬಲ್ಲದ್ದು ವಿದ್ಯುತ್ತು, ಆದ್ದರಿಂದ ಅಲ್ಲಿಂದಲೇ ಶುರು ಮಾಡಿ. 3.5 ಇಂಚಿನ ಒಂದು ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟಿನಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಎದ್ದರೆ 4 ಆಂಪಿಯರ್, ಅಂದರೆ 48 ವ್ಯಾಟ್. ಮದರ್‌ಬೋರ್ಡಿನ ಪಾಲು ಬೇರೆ. ಅದಕ್ಕಾಗಿಯೇ ಇಂಥ ಅನೇಕ ಪೆಟ್ಟಿಗೆಗಳ ಜೊತೆ 60 ವ್ಯಾಟಿನ ಆಸುಪಾಸಿನ ಅಡಾಪ್ಟರ್ ಬರುತ್ತದೆ. ಅಡಾಪ್ಟರಿನ ಮೇಲಿನ ಬರಹವನ್ನೂ ಪೆಟ್ಟಿಗೆಯ ಹಿಂದಿನ ಬರಹವನ್ನೂ ಹೋಲಿಸಿ. ಪಿನ್ ಹೊಂದುತ್ತದೆ ಎಂದು ಸಿಸಿಟಿವಿಯ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಚುಚ್ಚಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. ಪೆಟ್ಟಿಗೆಯ ಜೊತೆ ಬಂದ ಅಡಾಪ್ಟರೇ ಆಗಿದ್ದರೂ ಅದು ದುರ್ಬಲವಾಗಿರಬಹುದು. ಮಲ್ಟಿಮೀಟರಿನಲ್ಲಿ ಬರಿಯ ಪಿನ್ ಅಳೆದು 12 ವೋಲ್ಟ್ ಬಂತೆಂದು ನಂಬಬೇಡಿ, ಹೊರೆ ಬಿದ್ದಾಗ ಕುಸಿಯುವುದೇ ಇಲ್ಲಿನ ದೋಷ. ಅಷ್ಟೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್ ಇರುವ, ಪಿನ್ನಿನ ಧ್ರುವವೂ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ.

ಇನ್ನು ಇನ್ವರ್ಟರ್. ಮಳೆಗಾಲದಲ್ಲಿ ತೋಟದ ಮರದ ಕೊಂಬೆ ತಂತಿಗೆ ತಾಗಿ ಕರೆಂಟು ಕ್ಷಣಕಾಲ ಹೋಗಿ ಬರುವುದು ನಿಮ್ಮ ಕಡೆ ಹೊಸದಲ್ಲ. ಬಲ್ಬು ಮಿಣುಕಿದ್ದು ಗೊತ್ತಾಗದಿರಬಹುದು, ಆದರೆ ಪೆಟ್ಟಿಗೆಗೆ ಅಷ್ಟು ಸಾಕು. ಇನ್ವರ್ಟರ್ ಮೇನ್ಸ್‌ನಿಂದ ಬ್ಯಾಟರಿಗೆ ಹೊರಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಮನೆಯ ಅನೇಕ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದರಲ್ಲಿ ಹೊರಳಾಟ ಬೇಗ, ಸಾಮಾನ್ಯ ಮೋಡ್‌ನಲ್ಲಿ ನಿಧಾನ. ಲಾಗ್‌ನಲ್ಲಿರುವ ರೀಸ್ಟಾರ್ಟ್ ಸಮಯವನ್ನು ಕರೆಂಟು ಹೋದ ಸಮಯದೊಂದಿಗೆ ತಾಳೆ ಹಾಕಿ. ಹೊಂದಿದರೆ ಮೊದಲು ಸ್ವಿಚ್ ಬದಲಿಸಿ ನೋಡಿ. ಆದರೂ ನಿಲ್ಲದಿದ್ದರೆ ನ್ಯಾಸ್ ಮತ್ತು ರೌಟರಿಗೆಂದೇ 600 ವಿಎ ಸುಮಾರಿನ ಪ್ರತ್ಯೇಕ ಯುಪಿಎಸ್ ಇಡಿ. ಯುಎಸ್‌ಬಿ ಮೂಲಕ ಮಾತಾಡುವ ಮಾದರಿಯನ್ನೇ ಕೊಳ್ಳಿ; ನಿಮ್ಮ ನ್ಯಾಸ್ ಒಪ್ಪುವ ಯುಪಿಎಸ್‌ಗಳ ಪಟ್ಟಿಯಲ್ಲಿ ಅದಿದೆಯೇ ನೋಡಿ. ಬ್ಯಾಟರಿ ಇಳಿಯುತ್ತಿದ್ದಂತೆ ಪೆಟ್ಟಿಗೆ ಫೈಲುಗಳನ್ನು ಮುಚ್ಚಿ ತಾನೇ ಆಫ್ ಆಗುತ್ತದೆ. ಮೂರು ನಾಲ್ಕು ದಿನ ಕರೆಂಟೇ ಬಾರದ ಊರುಗಳಲ್ಲಿ ಈ ಒಂದು ಸೌಲಭ್ಯಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ವಿದ್ಯುತ್ತು ಸರಿಯಿದ್ದೂ ಎರಡನೇ ಡಿಸ್ಕ್ ಕಳಚಿಕೊಳ್ಳುತ್ತಿದ್ದರೆ, ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಆ ಡಿಸ್ಕಿನ ‘ಸ್ಮಾರ್ಟ್’ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ತೆರೆಯಿರಿ. ಪಟ್ಟಿ ಉದ್ದವಾಗಿರುತ್ತದೆ, ನೋಡಬೇಕಾದ ಸಾಲುಗಳು ಕೆಲವೇ. 5, 197, 198ನೇ ಸಾಲುಗಳು ಕೆಟ್ಟುಹೋದ ಅಥವಾ ಓದಲಾಗದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳ, ಲೆಕ್ಕ. ಹೊಸ ಡಿಸ್ಕಿನಲ್ಲಿ ಇವುಗಳ ‘ರಾ’ ಕಾಲಮ್ಮಿನ ಸಂಖ್ಯೆ ಸೊನ್ನೆ ಇರಬೇಕು; ಏರುತ್ತಿದ್ದರೆ ಚರ್ಚೆಯಿಲ್ಲ, ಡಿಸ್ಕ್ ವಾಪಸ್. 199ನೇ ಸಾಲು ಏರುತ್ತಿದ್ದರೆ ಡಿಸ್ಕಿಗೂ ಪೆಟ್ಟಿಗೆಗೂ ನಡುವಿನ ಸಂಪರ್ಕದಲ್ಲಿ ತೊಂದರೆ, ಅಂದರೆ ಸರಿಯಾಗಿ ಕೂರದ ಟ್ರೇ ಅಥವಾ ಕೆಟ್ಟ ಸ್ಲಾಟ್. ಈ ಸಂಖ್ಯೆ ಒಮ್ಮೆ ಏರಿದ್ದು ಇಳಿಯುವುದಿಲ್ಲ, ಹಾಗಾಗಿ ಇವತ್ತಿನ ಸಂಖ್ಯೆ ಬರೆದಿಟ್ಟು ನಾಳೆ ಹೋಲಿಸಿ. 9ನೇ ಸಾಲು ಡಿಸ್ಕ್ ಓಡಿದ ಒಟ್ಟು ಗಂಟೆ. ಮೊನ್ನೆ ಬಂದ ಡಿಸ್ಕಿನಲ್ಲಿ ಸಾವಿರಾರು ಗಂಟೆ ತೋರಿಸಿದರೆ ಬಳಸಿದ ಮಾಲನ್ನು ಹೊಸದೆಂದು ಕೊಟ್ಟಿದ್ದಾರೆ. ಗಂಟೆ ಕಡಿಮೆ ಇದ್ದ ಮಾತ್ರಕ್ಕೆ ಹೊಸದೆಂದು ಖಾತ್ರಿಯಾಗುವುದಿಲ್ಲ, ಆ ಲೆಕ್ಕವನ್ನು ಸೊನ್ನೆಗೆ ತರುವವರೂ ಇದ್ದಾರೆ.

ಬಳಿಕ ಇಡೀ ಡಿಸ್ಕನ್ನು ಓದಿ ನೋಡುವ ‘ಎಕ್ಸ್‌ಟೆಂಡೆಡ್’ ಪರೀಕ್ಷೆ ನಡೆಸಿ. 4 ಟಿಬಿಗೆ ಏಳೆಂಟು ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ, ರಾತ್ರಿ ಹಚ್ಚಿಬಿಡಿ. ಅದರಲ್ಲಿ ಪಾಸಾದರೆ ಮಾತ್ರ ಸ್ಲಾಟ್ ಪರೀಕ್ಷೆ: ಪೆಟ್ಟಿಗೆಯನ್ನು ಮೆನುವಿನಿಂದಲೇ ಪೂರ್ತಿ ಆಫ್ ಮಾಡಿ, ಡಿಸ್ಕ್‌ಗಳ ಮೇಲೆ 1, 2 ಎಂದು ಚೀಟಿ ಅಂಟಿಸಿ, ಜಾಗ ಅದಲುಬದಲು ಮಾಡಿ, ಟ್ರೇಯನ್ನು ಕೊನೆಯವರೆಗೂ ತಳ್ಳಿ. ಈಗ ‘ರಿಪೇರ್’ ಒತ್ತಿ ಮಿರರ್ ಮತ್ತೆ ಕಟ್ಟಿಕೊಳ್ಳಲು ಬಿಡಿ. ದೋಷ ಡಿಸ್ಕಿನ ಜೊತೆಗೇ ಮೊದಲ ಸ್ಲಾಟಿಗೆ ಬಂದರೆ ಡಿಸ್ಕ್ ಕೆಟ್ಟಿದೆ. ಎರಡನೇ ಸ್ಲಾಟಿನಲ್ಲೇ ಉಳಿದು, ಈಗ ಅಲ್ಲಿಗೆ ಬಂದ ಒಳ್ಳೆಯ ಡಿಸ್ಕನ್ನೂ ಕಳಚಿದರೆ ಪೆಟ್ಟಿಗೆ ಕೆಟ್ಟಿದೆ.

ಎಲ್ಲ ಸಂಖ್ಯೆಗಳೂ ಶುಭ್ರವಾಗಿದ್ದು, ದೊಡ್ಡ ಕಾಪಿಯಲ್ಲಿ ಮಾತ್ರ ಡಿಸ್ಕ್ ಕಳಚಿಕೊಂಡರೆ ಅದರ ಮಾಡೆಲ್ ನಂಬರ್ ನೋಡಿ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್‌ಗಳಲ್ಲಿ ಮಾಹಿತಿಯ ಪಟ್ಟೆಗಳು ಮಾಡಿನ ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಸತತವಾಗಿ ನೂರಾರು ಜಿಬಿ ಸುರಿದಾಗ ಡಿಸ್ಕ್ ಆ ಕೆಲಸಕ್ಕೆಂದು ತಡವರಿಸುತ್ತದೆ, ಉತ್ತರ ಬಾರದ್ದನ್ನು ಕಂಡ ನ್ಯಾಸ್ ಅದನ್ನು ಸತ್ತಿತೆಂದು ಹೊರಹಾಕುತ್ತದೆ. ಇದು ಕೆಟ್ಟ ಡಿಸ್ಕ್ ಅಲ್ಲ, ಈ ಕೆಲಸಕ್ಕೆ ಸಲ್ಲದ ಡಿಸ್ಕ್. ಪಟ್ಟೆಗಳು ಒಂದರ ಮೇಲೊಂದು ಕೂರದ ಸಿಎಂಆರ್ ಬಗೆಯದಕ್ಕೆ, ಪೆಟ್ಟಿಗೆ ತಯಾರಿಸಿದವರ ಪಟ್ಟಿಯಲ್ಲಿರುವ ಮಾಡೆಲಿಗೆ ಬದಲಾಯಿಸಿಕೊಳ್ಳಿ.

ಈ ಎಲ್ಲವನ್ನೂ ವಾಪಸಾತಿಯ ಗಡುವಿನೊಳಗೆ ಮುಗಿಸಿ, ಅದು ಬಹಳ ದಿನ ಇರುವುದಿಲ್ಲ. ಪೆಟ್ಟಿಗೆಗೂ ಡಿಸ್ಕಿಗೂ ವಾರಂಟಿ ಬೇರೆ ಬೇರೆ. ಡಿಸ್ಕಿನ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಭಾರತದಲ್ಲಿ ವಾರಂಟಿ ಇದೆಯೇ ಎಂದು ನೋಡಿ. ಸೀರಿಯಲ್ ನಂಬರ್ ಕಾಣುವಂತೆ ಸ್ಮಾರ್ಟ್ ಪಟ್ಟಿಯ ಚಿತ್ರ, ಕಿತ್ತಳೆ ದೀಪದ ವಿಡಿಯೊ, ಬಿಲ್ಲು ಒಟ್ಟಿಗೆ ಕಳಿಸಿದರೆ ‘ಫಾರ್ಮ್ಯಾಟ್ ಮಾಡಿ ನೋಡಿ’ ಎಂಬ ಮಾತು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಡಿಸ್ಕನ್ನು ಬರೀ ಬಬಲ್ ಕವರಿನಲ್ಲಿ ಸುತ್ತಿ ಘಾಟಿ ದಾರಿಯ ಕೊರಿಯರಿಗೆ ಕೊಡಬೇಡಿ. ಎಲ್ಲ ಬದಿಗೂ ಎರಡು ಇಂಚು ಮೆತ್ತೆ ಇರಲಿ. ನಿಮಗೆ ಡಿಸ್ಕ್ ಬರೀ ಬಬಲ್ ಕವರಿನಲ್ಲೇ ಬಂದರೆ ಬಿಚ್ಚುವಾಗಲೇ ಫೋಟೊ ತೆಗೆದಿಡಬೇಕು.

ಪ್ರಶ್ನೆ: ನ್ಯಾಸ್ ಕೆಲಸ ಮಾಡುತ್ತಿದೆ, ಆದರೆ ಕೇಬಲಿನಲ್ಲೂ ಸೆಕೆಂಡಿಗೆ 11 ಎಂಬಿಗಿಂತ ಹೆಚ್ಚು ವೇಗ ಬರುತ್ತಿಲ್ಲ. ಡಿಸ್ಕ್ ನಿಧಾನವೇ?
— ಓದುಗರು, ಸಿದ್ದಾಪುರ

ಉತ್ತರ: ಡಿಸ್ಕ್ ಅಲ್ಲ. 11–12 ಎಂಬಿ ಎಂದರೆ ಎಲ್ಲೋ ಒಂದು ಕಡೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್ ಆಗಿದ್ದರೆ 110ರ ಹತ್ತಿರ ಬರಬೇಕು. ಗಿಗಾಬಿಟ್‌ಗೆ ಲ್ಯಾನ್ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಒಂದು ತಂತಿ ಕ್ಲಿಪ್ಪಿನಲ್ಲಿ ಸರಿ ಕೂರದಿದ್ದರೂ ಇಂಟರ್‌ನೆಟ್ ನಡೆಯುತ್ತದೆ, ವೇಗ ಮಾತ್ರ ಹತ್ತನೇ ಒಂದಾಗುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6ರ ರೆಡಿಮೇಡ್ ತುಂಡು ಹಾಕಿ ನೋಡಿ. ಆಗಲೂ ಅಷ್ಟೇ ಆದರೆ ರೌಟರ್ ನೋಡಿ: ಫೈಬರ್ ಸಂಪರ್ಕದ ಜೊತೆ ಕೊಡುವ ಎಷ್ಟೋ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಕೊಂಡು ನ್ಯಾಸ್ ಮತ್ತು ಕಂಪ್ಯೂಟರ್ ಎರಡನ್ನೂ ಅದಕ್ಕೇ ಸಿಕ್ಕಿಸಿ.

ಪ್ರಶ್ನೆ: ಮನೆಯಲ್ಲಿ ನ್ಯಾಸ್ ಕಾಣುತ್ತದೆ, ಪಕ್ಕದ ಹೋಂಸ್ಟೇ ಕಟ್ಟಡದ ವೈಫೈಯಿಂದ ಕಾಣುವುದಿಲ್ಲ. ಅಲ್ಲಿ ಇನ್ನೊಂದು ರೌಟರ್ ಇದೆ, ಮನೆಯಿಂದ ಲ್ಯಾನ್ ಕೇಬಲ್ ಎಳೆದಿದ್ದೇವೆ.
— ಓದುಗರು, ಮಡಿಕೇರಿ

ಉತ್ತರ: ಎರಡನೇ ರೌಟರ್ ತನ್ನದೇ ಬೇರೆ ಜಾಲ ಕಟ್ಟಿಕೊಂಡಿದೆ. ಮನೆಯ ಫೋನಿನ ವಿಳಾಸ 192.168.1 ಎಂದೂ ಅಲ್ಲಿಯದು 192.168.0 ಎಂದೂ ಶುರುವಾಗುತ್ತಿದ್ದರೆ ಇದೇ ಕಾರಣ. ಆ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ತಿರುಗಿಸಿ, ಆಗ ಅದು ಬೇರೆ ಜಾಲ ಕಟ್ಟದೆ ಮನೆಯ ಜಾಲವನ್ನೇ ವೈಫೈಯಲ್ಲಿ ಹಂಚುತ್ತದೆ. ಅತಿಥಿಗಳಿಗೆ ಮಾತ್ರ ಪ್ರತ್ಯೇಕ ಗೆಸ್ಟ್ ವೈಫೈ ಕೊಡಿ. ತೋಟದ ಲೆಕ್ಕವಿರುವ ಪೆಟ್ಟಿಗೆ ಅವರ ಫೋನಿಗೆ ಕಾಣಬೇಕಾಗಿಲ್ಲ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಕೆಲವು ರೌಟರ್‌ಗಳ ಗೆಸ್ಟ್ ವೈಫೈ ಜಾಲವನ್ನು ಬೇರ್ಪಡಿಸುವುದಿಲ್ಲ, ಆದ್ದರಿಂದ ಅದಕ್ಕೆ ಸೇರಿ ನ್ಯಾಸ್ ತೆರೆಯುತ್ತದೆಯೇ ಎಂದು ನೀವೇ ಒಮ್ಮೆ ಪರೀಕ್ಷಿಸಿ.

ನೀವು ಕೇಳದ ಒಂದು ಮಾತು: ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆದಿರುವುದು ಅಪಾಯ. ಏಪ್ರಿಲ್–ಮೇ ತಿಂಗಳ ಸಿಡಿಲಿನಲ್ಲಿ ಅದು ನೇರವಾಗಿ ಹೊಡೆಯಬೇಕಾಗಿಲ್ಲ. ಹತ್ತಿರ ಬಿದ್ದರೂ ಕೇಬಲಿನಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ಕಡೆಯ ಪೋರ್ಟ್ ಸುಡಬಲ್ಲದು. ಯುಪಿಎಸ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಈ ವೋಲ್ಟೇಜ್ ಬರುವುದು ಕರೆಂಟಿನ ತಂತಿಯಿಂದಲ್ಲ, ಲ್ಯಾನ್ ಕೇಬಲಿನಿಂದ. ಆ ಓಟಕ್ಕೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿ. ತಾಮ್ರಕ್ಕಿರುವ 100 ಮೀಟರಿನ ಮಿತಿಯೂ ಆಗ ಇರುವುದಿಲ್ಲ. ಫೈಬರ್ ಬರುವವರೆಗೆ, ಗುಡುಗು ಕೇಳಿದ ಕೂಡಲೇ ನ್ಯಾಸ್ ಇರುವ ಕಡೆಯಿಂದ ಆ ಕೇಬಲ್ ಕಿತ್ತಿಡಿ.