ಕಲ್ಲು ಏಕೆ ಸರಿಯಿತು ಎಂಬುದನ್ನು ಬರೆಯಿರಿ

ಆತ್ಮೀಯರೇ,

ಅಲ್ಟ್ರಾಸೌಂಡ್ ಅಲೆಗಳಿಂದ ದೇಹದೊಳಗಿನ ಸಣ್ಣ ವಸ್ತುಗಳನ್ನು ತಳ್ಳುವ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ; ಇದು ನಮ್ಮ ಓದುಗರಿಗೆ ತಲುಪಲೇಬೇಕು.

ಮೊದಲ ಒಂದೂವರೆ ಪುಟ ತೆಗೆದುಹಾಕಿ. ಓಂಕಾರ, ಬಾವಲಿ, ಶಂಖನಾದ ಯಾವುದೂ ಬೇಡ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ರೋಗಿಗಳ ಕಿಡ್ನಿ ಕಲ್ಲುಗಳನ್ನು ಚರ್ಮದ ಹೊರಗಿನಿಂದಲೇ ಸರಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿತಲ್ಲ, ಅದು ನಿಮ್ಮ ನಾಲ್ಕನೆಯ ಪುಟದಲ್ಲಿ ಅವಿತು ಕುಳಿತಿದೆ. ಅಲ್ಲಿಂದಲೇ ಆರಂಭಿಸಿ. ಅಲ್ಲಿ ಕಲ್ಲನ್ನು ಒಡೆಯಲಿಲ್ಲ, ಸರಿಸಿದರು. ಕಲ್ಲು ಪುಡಿ ಮಾಡುವ ಲಿಥೊಟ್ರಿಪ್ಸಿಯೊಂದಿಗೆ ಇದನ್ನು ಬೆರೆಸಬೇಡಿ.

ನನ್ನ ಮುಖ್ಯ ತಕರಾರು ಬೇರೆ. ‘ಅಲೆ ಕಲ್ಲನ್ನು ಉಯ್ಯಾಲೆಯಂತೆ ತೂಗುತ್ತದೆ, ಹಾಗಾಗಿ ಅದು ಚಲಿಸುತ್ತದೆ’ ಎಂದಿದ್ದೀರಿ. ಉಯ್ಯಾಲೆ ಮುಂದೆ ಹೋದಷ್ಟೇ ಹಿಂದೆ ಬರುತ್ತದೆ. ಹಾಗಿದ್ದರೆ ಕಲ್ಲು ಇದ್ದಲ್ಲೇ ಇರಬೇಕಿತ್ತಲ್ಲವೇ? ಹೈಸ್ಕೂಲಿನ ಹುಡುಗಿಯೂ ಈ ಪ್ರಶ್ನೆ ಕೇಳುತ್ತಾಳೆ, ನಿಮ್ಮ ಲೇಖನದಲ್ಲಿ ಉತ್ತರವಿಲ್ಲ. ಅಲೆ ಶಕ್ತಿಯ ಜೊತೆಗೆ ಸಂವೇಗವನ್ನೂ ಹೊತ್ತು ಸಾಗುತ್ತದೆ. ಕಲ್ಲು ಅಲೆಯನ್ನು ಹೀರಿದಾಗ ಆ ಸಂವೇಗ ಕಲ್ಲಿಗೆ ಸೇರುತ್ತದೆ. ಬಂದ ದಾರಿಯಲ್ಲೇ ಪೂರ್ತಿ ಹಿಂದಿರುಗಿಸಿದರೆ ತಳ್ಳುವ ಬಲ ಇಮ್ಮಡಿ. ಬಲ ಎಷ್ಟೆಂದೂ ಹೇಳಿ: ನೀರಿನಲ್ಲಿ 1 ವ್ಯಾಟ್ ಅಲ್ಟ್ರಾಸೌಂಡ್ ಕಿರಣವನ್ನು ಪೂರ್ತಿ ಹೀರಿಕೊಂಡ ವಸ್ತುವಿನ ಮೇಲೆ ಬೀಳುವುದು ಸುಮಾರು 69 ಮಿಲಿಗ್ರಾಂ ತೂಕದಷ್ಟು ಬಲ. ಯಂತ್ರ ಹೊರಸೂಸುವ ಶಕ್ತಿಯನ್ನು ಪ್ರಯೋಗಾಲಯಗಳಲ್ಲಿ ಅಳೆಯುವುದೂ ಈ ಬಲವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಯೇ. ಇಂಥ ವಿವರ ಬಿಟ್ಟು ಬಾವಲಿಗೆ ಜಾಗ ಕೊಟ್ಟಿರಲ್ಲ ಎಂದು ನಿಜಕ್ಕೂ ಬೇಸರವಾಯಿತು.

‘ಮೃದು ಅಂಗಾಂಶದಲ್ಲಿರುವ ಯಾವ ಕಣವನ್ನಾದರೂ ಬೇಕಾದಲ್ಲಿಗೆ ಒಯ್ಯಬಹುದು’ ಎಂಬ ವಾಕ್ಯವನ್ನು ಹೊಡೆದುಹಾಕಿ. ಕಿಡ್ನಿ ಕಲ್ಲು ಸರಿಯುವುದು ಮೂತ್ರ ತುಂಬಿದ ಪೊಳ್ಳಿನಲ್ಲಿ. ಅಂಗಾಂಶದಲ್ಲೇ ಹುದುಗಿದ ಕಣವನ್ನು ಸುತ್ತಲಿನ ಸ್ಥಿತಿಸ್ಥಾಪಕತೆ ಹಿಂದಕ್ಕೆ ಎಳೆಯುತ್ತದೆ. ಅಷ್ಟೇ ಅಲ್ಲ, ಕಣವಿಲ್ಲದಿದ್ದರೂ ಅಂಗಾಂಶ ತಾನೇ ಅಲೆಯನ್ನು ಹೀರಿ ಜರುಗುತ್ತದೆ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನ ಒಂದು ತಳ್ಳುವಿಕೆಗೆ ಯಕೃತ್ತು ಜರುಗುವುದು ಹತ್ತು ಮೈಕ್ರೋಮೀಟರಿನ ಆಸುಪಾಸು, ಮರುಕ್ಷಣವೇ ಸ್ವಸ್ಥಾನಕ್ಕೆ. ಆ ಜರುಗಾಟದಿಂದ ಪಕ್ಕಕ್ಕೆ ಹರಡುವ ಅಡ್ಡ ಅಲೆಯ ವೇಗ ಸೆಕೆಂಡಿಗೆ ಕೆಲವೇ ಮೀಟರ್. ಅಂಗಾಂಶದಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುವುದರಿಂದ, ಅದೇ ಅಲ್ಟ್ರಾಸೌಂಡ್ ಈ ನಿಧಾನದ ಅಲೆಯನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಬಲ್ಲದು. ಯಕೃತ್ತು ಗಡುಸಾದಷ್ಟೂ ಅಡ್ಡ ಅಲೆ ಚುರುಕು. ಸೂಜಿ ಚುಚ್ಚದೆ ಗಡಸುತನ ಅಳೆಯುವ ಒಂದು ವಿಧಾನ ಇದು. ನಿಮ್ಮ ಲೇಖನದ ದ್ವಿತೀಯಾರ್ಧ ಇದೇ ಆಗಲಿ.

ಅನಿಲದ ಗುಳ್ಳೆಗಳ ಭಾಗ ಚೆನ್ನಾಗಿದೆ, ಆದರೆ ಇಲ್ಲಿ ಇಕ್ಕಟ್ಟಾಗುತ್ತದೆ. ಅದನ್ನು ಬೇರೆ ಲೇಖನಕ್ಕೆ ಎತ್ತಿಡಿ. ತಿದ್ದಿದ ಪ್ರತಿ ಒಂಬೈನೂರು ಪದ ಮೀರದಿರಲಿ. ಮುಂದಿನ ತಿಂಗಳ ಹತ್ತರೊಳಗೆ ಕಳುಹಿಸಿದರೆ ನಾನೇ ಕೂತು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ